1871ರ ರಿಜಿಸ್ಟರ್ ಇನ್ನೂ ಮುಚ್ಚಿಲ್ಲ

2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಒಂದು ಹೊಸ ಕಲಂ ಸೇರಿತು. ‘ಯೂನಕ್’ಗಳ (ಹಿಜಡಾ, ಟ್ರಾನ್ಸ್ ಜನರನ್ನು ಕಾಯ್ದೆ ಕರೆದದ್ದು ಹೀಗೆ) ‘ಬೇಡದ ಚಟುವಟಿಕೆ’ಗಳನ್ನು ತಡೆಯಲು ಪೊಲೀಸ್ ಕಮಿಷನರ್ ಒಂದು ರಿಜಿಸ್ಟರ್ ಇಡಬಹುದು ಎನ್ನುವುದು ಅದರ ಸಾರ. ಹುಡುಗರನ್ನು ಅಪಹರಿಸುತ್ತಾರೆ, ಅವರ ಅಂಗ ಕತ್ತರಿಸುತ್ತಾರೆ, ‘ಅಸ್ವಾಭಾವಿಕ ಅಪರಾಧ’ ಮಾಡುತ್ತಾರೆ ಎಂಬ ಗುಮಾನಿ ಇದ್ದವರ ಹೆಸರು, ವಿಳಾಸ ಅದರಲ್ಲಿ ಬರೆದಿಡಬೇಕು. ಓದಿದರೆ ಹಳೇ ಕಡತದ ವಾಸನೆ ಬರುತ್ತದೆ. ಬರಲೇಬೇಕು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೇ ಭಾಗದಲ್ಲೂ ಹೆಚ್ಚೂಕಡಿಮೆ ಇದೇ ಮಾತುಗಳಿವೆ. 140 ವರ್ಷ ಆದ ಮೇಲೆ, ಬ್ರಿಟಿಷರು ಯಾವಾಗಲೋ ಹಡಗು ಹತ್ತಿ ಹೋದ ಮೇಲೆ, ನಮ್ಮವರೇ ಅದನ್ನು ಮತ್ತೆ ಬರೆದರು. ಸಮುದಾಯದವರು ಹೈಕೋರ್ಟ್ ಮೆಟ್ಟಿಲು ಹತ್ತಿದ ನಂತರವೇ ‘ಯೂನಕ್’ ಎಂಬ ಪದ ಅಲ್ಲಿಂದ ಹೋದದ್ದು.

ಇದನ್ನೇಕೆ ಮೊದಲು ಹೇಳಿದೆ ಅಂದರೆ, ಇವತ್ತು ಜಾಸ್ತಿ ಕೇಳಿಬರುವ ಪ್ರಶ್ನೆ ಬೇರೆ. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಂ ಹೋಯ್ತು, ಬೆಂಗಳೂರಿನಲ್ಲಿ ಪ್ರೈಡ್ ಮೆರವಣಿಗೆ ನಡೆಯುತ್ತೆ, ಇನ್ನೇನು ಕಷ್ಟ? ಸಲಿಂಗಿಗಳಲ್ಲಿ, ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಖಿನ್ನತೆ, ಆತಂಕ, ಸಾಯುವ ಯೋಚನೆ ಉಳಿದವರಿಗಿಂತ ಜಾಸ್ತಿ ಇರುವುದು ಯಾಕೆ? ಅವರ ಸ್ವಭಾವದಲ್ಲೇ ಏನೋ ಎಡವಟ್ಟಿದೆ ಅಂತ ಅಲ್ವಾ? ಅಲ್ಲ. ಆದರೆ ಯಾಕೆ ಅಲ್ಲ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇಂಗ್ಲೆಂಡಿನಲ್ಲಿ 1533ರವರೆಗೆ ಗಂಡು ಗಂಡಿನ ಸಂಬಂಧ ಚರ್ಚಿನ ವಿಚಾರ. ಪಾಪ ಮಾಡಿದವನನ್ನು ಪಾದ್ರಿಗಳು ನೋಡಿಕೊಳ್ಳುತ್ತಿದ್ದರು. ಆ ವರ್ಷ ಎಂಟನೇ ಹೆನ್ರಿ ಅದನ್ನು ಚರ್ಚಿನ ಕೈಯಿಂದ ತೆಗೆದು ಸರ್ಕಾರದ ಅಪರಾಧವಾಗಿ ಮಾಡಿದ. ಶಿಕ್ಷೆ ಗಲ್ಲು. ಪಾಪ ಹಾಗೇ ಉಳಿಯಿತು, ಜೊತೆಗೆ ಕೇಸೂ ಸೇರಿತು. ಮೂರು ಶತಮಾನ ದಾಟಿ ಅದು ನಮ್ಮಲ್ಲಿಗೆ ಬಂತು. 1837ರಲ್ಲಿ ಭಾರತಕ್ಕೊಂದು ದಂಡಸಂಹಿತೆಯ ಕರಡು ಬರೆದ ಬ್ರಿಟಿಷ್ ಅಧಿಕಾರಿ ಮೆಕಾಲೆ ಬೇರೆ ಅಪರಾಧಗಳಿಗೆಲ್ಲ ಉದ್ದುದ್ದ ವಿವರಣೆ ಕೊಟ್ಟ. ಈ ಕಲಂ ಬಂದಾಗ ಮಾತ್ರ ಪೆನ್ನು ಎತ್ತಿದ. ಈ ಅಸಹ್ಯದ ವಿಷಯದ ಬಗ್ಗೆ ಜನ ಚರ್ಚೆ ಮಾಡುವ ಹಾಗೆ ಏನನ್ನೂ ಬರೆಯಲು ನಮಗೆ ಮನಸ್ಸಿಲ್ಲ ಎಂಬರ್ಥದ ಟಿಪ್ಪಣಿ ಹಾಕಿ ಮುಂದೆ ಹೋದ.

ಆ ಟಿಪ್ಪಣಿಯ ಮೇಲೆ ನನಗೆ ಯಾವಾಗಲೂ ಕಣ್ಣು. ಶಿಕ್ಷೆಯ ಜೊತೆಗೇ ‘ಇದರ ಬಗ್ಗೆ ಮಾತಾಡಬೇಡಿ’ ಎಂಬ ಆಜ್ಞೆಯನ್ನೂ ಹೊತ್ತು ಹುಟ್ಟಿದ ಕಾನೂನು ಇದು. 1860ರಲ್ಲಿ ಸಂಹಿತೆ ಪಾಸಾಯಿತು, 1862ರಿಂದ ಜಾರಿಗೆ ಬಂತು. 377ರಲ್ಲಿ ‘ಪ್ರಕೃತಿಯ ಕ್ರಮಕ್ಕೆ ವಿರುದ್ಧ’ ಎಂದರೆ ಏನು ಅಂತ ಎಲ್ಲೂ ಹೇಳಿಲ್ಲ. ಶಿಕ್ಷೆ ಮಾತ್ರ ಹೇಳಿದೆ: ಜೀವಾವಧಿ, ಇಲ್ಲವೇ ಹತ್ತು ವರ್ಷದವರೆಗೆ ಜೈಲು. ಹೆಸರು ಹಿಡಿದು ಹೇಳದ ಅಪರಾಧವನ್ನು ಯಾರ ಮೇಲೆ ಬೇಕಾದರೂ ಹೊರಿಸಬಹುದು.

1884ರಲ್ಲಿ ಅಲಹಾಬಾದ್ ಹೈಕೋರ್ಟಿಗೆ ಒಂದು ಕೇಸು ಬಂತು. ಆರೋಪಿಯ ಹೆಸರು ಖೈರಾತಿ. ಹೆಣ್ಣಿನ ಬಟ್ಟೆ ಹಾಕಿಕೊಂಡು ಹೆಂಗಸರ ಜೊತೆ ಹಾಡುತ್ತಿದ್ದುದು ಪೊಲೀಸರ ಕಣ್ಣಿಗೆ ಬಿದ್ದಿತ್ತು. ಹಿಡಿದರು, ವೈದ್ಯರ ಕೈಯಲ್ಲಿ ಮೈ ಪರೀಕ್ಷೆ ಮಾಡಿಸಿದರು. ಯಾವಾಗ, ಎಲ್ಲಿ, ಯಾರ ಜೊತೆ ಅಪರಾಧ ನಡೆಯಿತು ಎಂಬುದಕ್ಕೆ ಒಂದು ಚೂರೂ ಸಾಕ್ಷಿ ಇರಲಿಲ್ಲ. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟೇಬಿಟ್ಟಿತು. ಹೈಕೋರ್ಟು ಬಿಡಿಸಿತು, ಆದರೆ ಪೊಲೀಸರು ನಿಗಾ ಇಟ್ಟಿದ್ದು ತಪ್ಪು ಅನ್ನಲಿಲ್ಲ. ಹಾಡಿದ್ದಕ್ಕೆ ಹಿಡಿಯುವುದು 1871ರ ಕಾಯ್ದೆಯಲ್ಲೇ ಇತ್ತು. ರಿಜಿಸ್ಟರಿನಲ್ಲಿ ಹೆಸರಿದ್ದವರು ಹೆಣ್ಣಿನ ವೇಷದಲ್ಲಿ ಬೀದಿಯಲ್ಲಿ ಕಂಡರೆ, ಕುಣಿದರೆ, ಹಾಡಿದರೆ ವಾರಂಟ್ ಇಲ್ಲದೆ ಒಳಗೆ ಹಾಕಬಹುದಿತ್ತು. ನಿಜಾಮರ ಹೈದರಾಬಾದ್ ಸಂಸ್ಥಾನವೂ ಫಸಲಿ 1329ರಲ್ಲಿ, ಅಂದರೆ 1919ರ ಸುಮಾರಿಗೆ, ಇಂಥದ್ದೇ ಕಾಯ್ದೆ ಮಾಡಿತು. ಆಗ ಕಲಬುರಗಿ, ಬೀದರ್, ರಾಯಚೂರು ಆ ಸಂಸ್ಥಾನದಲ್ಲಿದ್ದವು. ತೆಲಂಗಾಣ ಹೈಕೋರ್ಟು ಆ ಕಾಯ್ದೆಯನ್ನು ರದ್ದು ಮಾಡಿದ್ದು 2023ರಲ್ಲಿ!

ಎಲ್ಲಾ ಬ್ರಿಟಿಷರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮಲ್ಲಿ ಮೊದಲು ಎಲ್ಲರೂ ಒಪ್ಪಿಕೊಂಡಿದ್ದರು ಎಂಬ ಮಾತು ಕೇಳೋಕೆ ಚೆಂದ, ಆದರೆ ಪೂರ್ತಿ ನಿಜವಲ್ಲ. ಮನುಸ್ಮೃತಿ ಗಂಡು ಗಂಡಿನ ಜೊತೆ ಸೇರಿದ್ದಕ್ಕೆ ಪ್ರಾಯಶ್ಚಿತ್ತ ಹೇಳುತ್ತದೆ: ಉಟ್ಟ ಬಟ್ಟೆಯಲ್ಲೇ ಸ್ನಾನ. ಜೀವಾವಧಿ ಜೈಲಿನ ಪಕ್ಕದಲ್ಲಿಟ್ಟರೆ ಇದು ಏನೇನೂ ಅಲ್ಲ. ಆದರೂ ತಪ್ಪು ಎಂಬ ಲೆಕ್ಕಕ್ಕೆ ಬಂತಲ್ಲ.

ಸವದತ್ತಿ ಎಲ್ಲಮ್ಮನ ಜೋಗಪ್ಪಂದಿರನ್ನು ನೋಡಿ. ಸೀರೆ ಉಟ್ಟು, ತಲೆ ಮೇಲೆ ಕೊಡ ಹೊತ್ತು, ಚೌಡಿಕೆ ನುಡಿಸಿಕೊಂಡು ಊರೂರು ತಿರುಗುವವರು. ಗಂಡು ಮಗ ಸೀರೆ ಕೇಳಿದರೆ ಮನೆಯವರಿಗೆ ಹೇಳಿಕೊಳ್ಳಲು ಒಂದು ಮಾತು ಸಿಗುತ್ತಿತ್ತು: ಅಮ್ಮ ಕರೆದಿದ್ದಾಳೆ. ಅದು ಸಣ್ಣ ವಿಷಯವಲ್ಲ. ಆದರೆ ಆ ಜಾಗ ದೇವಿಯ ಹೆಸರಲ್ಲಿ ಸಿಕ್ಕಿದ್ದು, ಮನೆಯ ಹೊರಗೆ ಸಿಕ್ಕಿದ್ದು. ಬಳ್ಳಾರಿ ಜಿಲ್ಲೆಯ ಮಂಜಮ್ಮ ಜೋಗತಿ ಅವರಿಗೆ ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿದರು. ಆಮೇಲೆ ಒಮ್ಮೆ ಬದುಕೇ ಬೇಡ ಅನ್ನಿಸಿ ಸಾವಿನ ಬಾಗಿಲವರೆಗೆ ಹೋಗಿ ಬಂದದ್ದನ್ನು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. 2019ರಲ್ಲಿ ಅವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನ ಅಂಚು ಹಿಡಿದು ರಾಷ್ಟ್ರಪತಿಗಳಿಗೇ ದೃಷ್ಟಿ ತೆಗೆದರು. ಆ ವಿಡಿಯೊ ನೋಡದ ಕನ್ನಡಿಗರು ಕಡಿಮೆ. ಅದೇ ಸೆರಗಿಗೆ 1871ರಲ್ಲಿ ಜೈಲಿತ್ತು.

ಪಾಪ, ಕೇಸು ಆದಮೇಲೆ ಮೂರನೆಯದು ಕಾಯಿಲೆ. 19ನೇ ಶತಮಾನದ ಕೊನೆಗೆ ಯುರೋಪಿನ ವೈದ್ಯರು ಇದನ್ನು ರೋಗದ ಪಟ್ಟಿಗೆ ತಂದರು. ಜೈಲಿಗಿಂತ ಆಸ್ಪತ್ರೆ ವಾಸಿ ಎಂಬ ಒಳ್ಳೆಯ ಉದ್ದೇಶ ಕೆಲವರಿಗಿತ್ತು. ಆದರೆ ರೋಗ ಅಂದಮೇಲೆ ವಾಸಿ ಮಾಡಬೇಕಲ್ಲ. ಚಿತ್ರ ತೋರಿಸಿ ಕರೆಂಟ್ ಶಾಕ್ ಕೊಡುವ ‘ಚಿಕಿತ್ಸೆ’ ಶುರುವಾಯಿತು. ನಮ್ಮ ದೇಶದ ಮನೋವೈದ್ಯರೂ 1970–80ರ ದಶಕಗಳಲ್ಲಿ ಅದನ್ನು ಮಾಡಿ, ವರದಿಯನ್ನೂ ಪ್ರಕಟಿಸಿದರು. ಅಷ್ಟರಲ್ಲಿ, 1973ರಲ್ಲೇ, ಅಮೆರಿಕದ ಮನೋವೈದ್ಯರ ಸಂಘ ಸಲಿಂಗಕಾಮವನ್ನು ಪಟ್ಟಿಯಿಂದ ತೆಗೆದಿತ್ತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ತೆಗೆಯಿತು. ಇದು ಕಾಯಿಲೆ ಅಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ ಬಹಿರಂಗವಾಗಿ ಹೇಳಿದ್ದು 2014ರಲ್ಲಿ, ಮತ್ತೆ 2018ರಲ್ಲಿ.

ಕಾನೂನು ಮತ್ತು ವೈದ್ಯಕೀಯ ಒಂದರ ಭುಜಕ್ಕೆ ಇನ್ನೊಂದು ಒರಗಿಕೊಂಡು ನಿಂತಿದ್ದವು. 2001ರಲ್ಲಿ ದೆಹಲಿಯ ಒಂದು ಆಸ್ಪತ್ರೆಯಲ್ಲಿ ಹೀಗೆ ‘ಸರಿಪಡಿಸುವ’ ಚಿಕಿತ್ಸೆ ಕೊಟ್ಟರೆಂಬ ದೂರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಹೋಯಿತು. ಆಯೋಗ ಕೈಗೆತ್ತಿಕೊಳ್ಳಲಿಲ್ಲ. ಕಾರಣ, 377 ಇನ್ನೂ ಜಾರಿಯಲ್ಲಿದೆ.

ಅದೇ ವರ್ಷ ಕರ್ನಾಟಕದ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಲೈಂಗಿಕ ಅಲ್ಪಸಂಖ್ಯಾತರ ಬಗ್ಗೆ ಒಂದು ವರದಿ ತಂದಿತು. ಬೆಂಗಳೂರಿನ ಪಾರ್ಕುಗಳಲ್ಲಿ ಪೊಲೀಸರು ಹೇಗೆ ಹೆದರಿಸಿ ದುಡ್ಡು ಕೀಳುತ್ತಾರೆ ಎಂಬುದು ಅದರಲ್ಲಿದೆ. ಎಫ್‌ಐಆರ್ ಇಲ್ಲ, ಕೋರ್ಟಿಲ್ಲ. ‘ಮನೆಗೆ ಫೋನ್ ಮಾಡ್ಲಾ?’ ಅಂದರೆ ಸಾಕು, ಜೇಬು ಖಾಲಿ. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು 377ನ್ನು ಉಳಿಸಿಕೊಂಡಾಗ ಒಂದು ಮಾತು ಹೇಳಿತ್ತು: 150 ವರ್ಷಗಳಲ್ಲಿ ಇದರಡಿ ವಿಚಾರಣೆಗೆ ಗುರಿಯಾದವರು 200ಕ್ಕಿಂತ ಕಡಿಮೆ. ಅಂಕಿ ಸರಿಯಿರಬಹುದು, ಲೆಕ್ಕ ತಪ್ಪು. ಈ ಕಾನೂನು ಕೆಲಸ ಮಾಡಿದ್ದು ಕೋರ್ಟಿನಲ್ಲಲ್ಲ, ‘ಮನೆಗೆ ಫೋನ್ ಮಾಡ್ಲಾ’ ಎಂಬ ಆ ಎರಡು ನಿಮಿಷದಲ್ಲಿ.

ಈ ಭಯ ತಲೆಯೊಳಗೆ ಏನು ಮಾಡುತ್ತದೆ? ಅಮೆರಿಕದ ಸಂಶೋಧಕ ಇಲಾನ್ ಮೇಯರ್ 2003ರಲ್ಲಿ ಇದನ್ನು ‘ಮೈನಾರಿಟಿ ಸ್ಟ್ರೆಸ್’ ಎಂಬ ಹೆಸರಲ್ಲಿ ವಿವರಿಸಿದರು. ಬೈಗುಳ, ಹೊಡೆತ ಒಂದು ಕಡೆ. ಅವು ಯಾವಾಗ ಬೀಳುತ್ತವೋ ಎಂದು ಕಾಯುವುದು ಇನ್ನೊಂದು ಕಡೆ. ದಿನವೂ ಮುಚ್ಚಿಡುವ ಕೆಲಸ ಬೇರೆ. ಎಲ್ಲಕ್ಕಿಂತ ಕೆಟ್ಟದ್ದು, ಜಗತ್ತು ಹೇಳಿದ್ದನ್ನೇ ತಾನೂ ನಂಬಿಬಿಡುವುದು. ಇದು ಬರೀ ಸಿದ್ಧಾಂತ ಅಲ್ಲ. ಅಮೆರಿಕದ ಕೆಲವು ರಾಜ್ಯಗಳು 2004–05ರಲ್ಲಿ ಸಲಿಂಗ ಮದುವೆಗೆ ನಿಷೇಧ ಹಾಕಿದವು. ಆ ರಾಜ್ಯಗಳ ಸಲಿಂಗಿ, ದ್ವಿಲಿಂಗಿ ಜನರಲ್ಲಿ ಖಿನ್ನತೆಯಂಥ ಸಮಸ್ಯೆಗಳು ಸುಮಾರು ಶೇ 37ರಷ್ಟು ಏರಿದ್ದನ್ನು 2010ರ ಒಂದು ಅಧ್ಯಯನ ತೋರಿಸಿತು. ಜನ ಅವರೇ, ಸ್ವಭಾವ ಅದೇ. ಬದಲಾದದ್ದು ಕಾನೂನು.

ಮುಚ್ಚಿಡುವ ಕೆಲಸ ಕನ್ನಡದಲ್ಲಿ ಎಷ್ಟು ಕಷ್ಟ ಗೊತ್ತಾ? ಸೋಮವಾರ ಬೆಳಗ್ಗೆ, ಆಫೀಸಿನ ಕಾಫಿ ಮಷಿನ್ ಮುಂದೆ. ‘ವೀಕೆಂಡ್ ಎಲ್ಲಿಗೆ ಹೋಗಿದ್ರಿ?’ ‘ಫ್ರೆಂಡ್ ಜೊತೆ ನಂದಿ ಬೆಟ್ಟಕ್ಕೆ.’ ಇಲ್ಲಿಯವರೆಗೆ ತೊಂದರೆಯಿಲ್ಲ. ‘ಕಾರ್ ಯಾರು ಓಡಿಸಿದ್ದು?’ ಈಗ ಸಿಕ್ಕಿಬಿದ್ದ. ‘ಓಡಿಸಿದ’ ಅನ್ನಬೇಕಾ, ‘ಓಡಿಸಿದಳು’ ಅನ್ನಬೇಕಾ? ನಮ್ಮ ಕ್ರಿಯಾಪದದ ಬಾಲದಲ್ಲೇ ಗಂಡು ಹೆಣ್ಣು ಕೂತಿರುತ್ತದೆ. ತಪ್ಪಿಸಿಕೊಳ್ಳಲು ಇರುವುದು ಒಂದೇ ದಾರಿ, ಗೌರವ. ‘ಅವ್ರೇ ಓಡಿಸಿದ್ರು.’ ಹಾಗಾಗಿ ಐದು ವರ್ಷದಿಂದ ಒಂದೇ ಮನೆಯಲ್ಲಿರುವ ಪ್ರೀತಿಯ ಹುಡುಗ, ಮಾತಿನಲ್ಲಿ ಮಾತ್ರ ಯಾರೋ ದೊಡ್ಡವರಾಗಿ ಉಳಿಯುತ್ತಾನೆ. ದಿನಕ್ಕೆ ಎಷ್ಟು ವಾಕ್ಯ ಹೀಗೆ ತೂಗಿ ಆಡಬೇಕು, ಲೆಕ್ಕ ಹಾಕಿ. ಟ್ರಾನ್ಸ್ ಹೆಣ್ಣುಮಗಳಿಗೆ ಆಯ್ಕೆಯೇ ಇಲ್ಲ. ತರಕಾರಿ ಅಂಗಡಿಯಲ್ಲಿ ಯಾರೋ ಬೇಕಂತಲೇ ‘ಏನೋ?’ ಅಂತಾರೆ. ಆ ಒಂದು ‘ಓ’ ಸಾಕು, ಅವತ್ತಿನ ದಿನ ಹಾಳು.

ಇನ್ನು ಮನೆಯಲ್ಲಿ ಪಾಪ, ಕೇಸು, ಕಾಯಿಲೆ ಮೂರೂ ಕಲೆಸಿ ಒಂದೇ ಪದ ಆಗಿದೆ: ಮರ್ಯಾದೆ. ಹರಕೆ, ತಾಯತ, ಆಮೇಲೆ ಡಾಕ್ಟರು, ಕೊನೆಗೆ ‘ಮದುವೆ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ.’ ಹೆಣ್ಣುಮಕ್ಕಳಾದರೆ ಫೋನ್ ಕಸಿದು ಕೋಣೆಗೆ ಹಾಕುವುದು. ಮದುರೆಯ ಇಬ್ಬರು ಯುವತಿಯರು ಚೆನ್ನೈಗೆ ಓಡಿಬಂದಾಗ ಮನೆಯವರು ‘ಕಾಣೆಯಾಗಿದ್ದಾರೆ’ ಎಂದು ದೂರು ಕೊಟ್ಟರು. ಕೇಸು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಬಂತು. ಅವರು ಅಪರೂಪದ ಕೆಲಸ ಮಾಡಿದರು. ತನಗೇ ಈ ವಿಷಯ ಸರಿಯಾಗಿ ಗೊತ್ತಿಲ್ಲ ಎಂದು ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ ಕೂತು ಕೇಳಿ ಕಲಿತರು. 2021ರ ಜೂನಿನಲ್ಲಿ ಅವರು ಕೊಟ್ಟ ಆದೇಶದಲ್ಲಿ ‘ವಾಸಿ ಮಾಡುತ್ತೇವೆ’ ಎನ್ನುವ ಚಿಕಿತ್ಸೆಗೆ ತಡೆ ಬಿತ್ತು. ಅದರ ಬೆನ್ನಲ್ಲೇ, 2022ರಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ಚಿಕಿತ್ಸೆ ವೃತ್ತಿದ್ರೋಹ ಎಂದಿತು.

ಕಾಗದದ ಮೇಲೆ ಬಹಳಷ್ಟು ಸರಿಯಾಗಿದೆ, ಅದನ್ನು ಹೇಳದಿದ್ದರೆ ಅನ್ಯಾಯ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ರ ಹಲ್ಲು ಕಿತ್ತಾಗ ನ್ಯಾಯಮೂರ್ತಿ ಇಂದು ಮಲ್ಹೋತ್ರಾ, ಇತಿಹಾಸ ಈ ಜನರಿಗೆ ಮತ್ತು ಅವರ ಮನೆಯವರಿಗೆ ಕ್ಷಮೆ ಕೇಳಬೇಕಿದೆ ಎಂದು ಬರೆದರು. ಮನೆಯವರನ್ನೂ ಸೇರಿಸಿದ್ದು ನನಗೆ ಹಿಡಿಸಿತು. ಸರ್ಕಾರಿ ಕೆಲಸದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ, 2021ರಲ್ಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಸುಮ್ನೆ ಕಣ್ತಪ್ಪಿ ಹೋಗುವ ಒಂದು ಸಾಲಿದೆ: ಸಮಾಜದ ನೈತಿಕ, ಧಾರ್ಮಿಕ ನಂಬಿಕೆಗೆ ಒಗ್ಗುತ್ತಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎನ್ನುವ ಹಾಗಿಲ್ಲ. ಮಗನನ್ನು ‘ಸರಿಮಾಡಿಸಲು’ ಕರೆದುಕೊಂಡು ಹೋಗುವ ಅಪ್ಪ ಅಮ್ಮನಿಗೆ ಈ ಸಾಲು ತೋರಿಸಬಹುದು. ಮನಸ್ಸು ತೀರಾ ಕುಸಿದಾಗ ಮಾತಾಡಲು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಆದರೆ ಫೋನಿನ ಆ ಕಡೆ, ಟೇಬಲ್ಲಿನ ಆ ಕಡೆ ಇರುವವರು ಏನು ಓದಿ ಬಂದಿರುತ್ತಾರೆ? 2024ರ ಆಗಸ್ಟ್ ಕೊನೆಗೆ ಅದೇ ವೈದ್ಯಕೀಯ ಆಯೋಗ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಹೊರಡಿಸಿತು. ನ್ಯಾಯ ವೈದ್ಯಶಾಸ್ತ್ರದ ಪಾಠದಲ್ಲಿ ಹೆಣ್ಣು ಹೆಣ್ಣಿನ ಸಂಬಂಧವೂ ‘ಅಸ್ವಾಭಾವಿಕ ಲೈಂಗಿಕ ಅಪರಾಧ’ದ ಪಟ್ಟಿಯಲ್ಲಿತ್ತು. ಜುಲೈ 1ರಂದು ಜಾರಿಗೆ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ 377ನೇ ಕಲಮೇ ಇಲ್ಲ, ಆದರೂ. ಗಲಾಟೆಯಾಯಿತು, ಕೆಲವೇ ದಿನಗಳಲ್ಲಿ ಆಯೋಗ ಅದನ್ನು ವಾಪಸ್ ತೆಗೆದುಕೊಂಡಿತು. ಹಳೇ ಪಠ್ಯಪುಸ್ತಕಗಳಿಗೆ ಮಾತ್ರ ವಾಪಸಾತಿ ಇಲ್ಲ. ಅವೆನ್ಯೂ ರೋಡಿನ ಸೆಕೆಂಡ್ ಹ್ಯಾಂಡ್ ಪುಸ್ತಕದ ಅಂಗಡಿಗಳಿಂದ ಅವು ಈಗಲೂ ಹಾಸ್ಟೆಲ್ಲಿಗೆ ಹೋಗುತ್ತವೆ, ಹಿಂದಿನ ಬ್ಯಾಚಿನ ಯಾರೋ ‘ಪರೀಕ್ಷೆಗೆ ಮುಖ್ಯ’ ಎಂದು ಹಳದಿ ಪೆನ್ನಿನಲ್ಲಿ ಗೆರೆ ಎಳೆದ ಸಾಲುಗಳ ಸಮೇತ.