ಬೆಂಚಿನಲ್ಲಿ ಕೂತವರಿಗೆ ಕೋಚ್ ಯಾರು?

ಸಮುದಾಯದ ಕ್ರೀಡಾ ತಂಡಗಳಿಗೆ ಸ್ವಯಂಸೇವಕ ಕೋಚ್‌ಗಳನ್ನು ತಯಾರು ಮಾಡುವುದು ನನ್ನ ಕೆಲಸ. ಅವರನ್ನು ನಾನು ಮೊದಲು ಕೇಳುವುದು ಎಷ್ಟು ಪಂದ್ಯ ಗೆದ್ದಿರಿ ಎಂದಲ್ಲ, ಇತ್ತೀಚೆಗೆ ಬರುವುದನ್ನು ನಿಲ್ಲಿಸಿದವರು ಯಾರು, ಯಾಕೆ ಎಂದು. ಸ್ಕೋರನ್ನು ಥಟ್ಟನೆ ಹೇಳುವವರೂ ಇಲ್ಲಿ ತಡವರಿಸುತ್ತಾರೆ. ಚೆನ್ನಾಗಿ ಆಡುವವರು ಹೇಗೂ ಉಳಿಯುತ್ತಾರೆ. ಸದ್ದಿಲ್ಲದೆ ಜಾರಿಹೋಗುವವರು ಬೆಂಚಿನಲ್ಲಿ ಕೂತವರು. ಹಿರಿಯರೊಬ್ಬರ ಆಸರೆ ಬೇಕಾಗಿದ್ದವರು ಬಹಳ ಸಲ ಅವರೇ ಆಗಿರುತ್ತಾರೆ.

ಮಕ್ಕಳ ಕೈಗೆ ಚೆಂಡು ಕೊಟ್ಟರೆ ಸಾಕು, ಶಿಸ್ತು, ಸಹನೆ, ಒಗ್ಗಟ್ಟು ತಾವಾಗಿ ಬರುತ್ತವೆ ಎಂದು ಹೇಳುವುದುಂಟು. ನಾನು ಅದನ್ನು ನಂಬುವುದಿಲ್ಲ. ರೆಫರಿಯ ಕಣ್ಣು ತಪ್ಪಿಸಿ ಫೌಲ್ ಮಾಡುವುದನ್ನೂ ಮೈದಾನವೇ ಕಲಿಸುತ್ತದೆ. ‘ನಾನು ಯಾತಕ್ಕೂ ಬಾರದವನು’ ಎಂಬ ಭಾವನೆಯನ್ನೂ ಅದೇ ಬಿತ್ತುತ್ತದೆ. ಯಾವುದು ಆಗುತ್ತದೆ ಎಂಬುದು ಅಲ್ಲಿ ನಿಂತ ದೊಡ್ಡವರ ನಡವಳಿಕೆಗೆ ಬಿಟ್ಟದ್ದು.

ಇದು ಬರೀ ನನ್ನ ಅನಿಸಿಕೆಯಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮೋಲ್ 1970ರ ದಶಕದಿಂದಲೂ ಮಕ್ಕಳ ಬೇಸ್‌ಬಾಲ್ ಕೋಚ್‌ಗಳನ್ನು ಹತ್ತಿರದಿಂದ ಗಮನಿಸಿ, ಅವರಿಗಾಗಿ ಕೆಲವೇ ಗಂಟೆಗಳ ಒಂದು ತರಬೇತಿ ರೂಪಿಸಿದರು. 1992ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನದಲ್ಲಿ, ತರಬೇತಿ ಇಲ್ಲದ ಕೋಚ್‌ಗಳ ಕೈಕೆಳಗೆ ಆಡಿದ್ದ ಮಕ್ಕಳಲ್ಲಿ ಶೇ 26ರಷ್ಟು ಮಂದಿ ಮುಂದಿನ ಋತುವಿಗೆ ಮರಳಲಿಲ್ಲ. ತರಬೇತಿ ಪಡೆದವರ ತಂಡಗಳಲ್ಲಿ ಬಿಟ್ಟುಹೋದವರು ಶೇ 5 ಮಾತ್ರ. ಗೆಲುವು ಸೋಲಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇನೂ ಇರಲಿಲ್ಲ.

ಹಾಗಾದರೆ ಕಲಿಸಿದ್ದೇನು? ಮುಖ್ಯವಾಗಿ, ಮಗು ತಪ್ಪು ಮಾಡಿದ ಕೂಡಲೇ ಏನು ಹೇಳಬೇಕು ಎಂಬುದನ್ನು. ಕ್ಯಾಚ್ ಕೈಬಿಟ್ಟ ಹುಡುಗಿ ಮೊದಲು ನೋಡುವುದು ಚೆಂಡಿನ ಕಡೆಗಲ್ಲ, ಕೋಚ್‌ನ ಮುಖವನ್ನು. ಆಗ ‘ಕಣ್ಣು ಎಲ್ಲಿತ್ತು?’ ಎಂದು ಕೂಗಿದರೆ ಮುಂದಿನ ಚೆಂಡು ತನ್ನ ಕಡೆ ಬಾರದಿರಲಿ ಎಂದೇ ಅವಳು ಬೇಡಿಕೊಳ್ಳುತ್ತಾಳೆ. ‘ಪರವಾಗಿಲ್ಲಮ್ಮ, ಸರಿಯಾದ ಜಾಗಕ್ಕೇ ಓಡಿ ಬಂದೆ. ಮುಂದಿನ ಸಲ ಚೆಂಡು ಕೈಗೆ ಬೀಳುವವರೆಗೂ ಅದನ್ನೇ ನೋಡು’ ಅನ್ನಿ. ಮೊದಲು ಧೈರ್ಯ, ಆಮೇಲೆ ತಿದ್ದುಪಡಿ. ಬರೀ ಸಮಾಧಾನ ಹೇಳಿ ಬಿಟ್ಟರೂ ಅರ್ಧ ಕೆಲಸವಷ್ಟೇ; ಮಕ್ಕಳಿಗೆ ಹುಸಿ ಹೊಗಳಿಕೆ ಬೇಗ ಗೊತ್ತಾಗುತ್ತದೆ. ಹಾಗೆಯೇ, ತಪ್ಪಿಗೆ ಶಿಕ್ಷೆಯಾಗಿ ಮೈದಾನದ ಸುತ್ತ ರೌಂಡ್ ಹೊಡೆಸುವ ಪದ್ಧತಿ ನನಗೆ ಅರ್ಥವೇ ಆಗಿಲ್ಲ. ಓಡುವುದನ್ನು ಇಷ್ಟಪಡಿಸಲು ಬಂದವರು ಓಟವನ್ನೇ ದಂಡನೆ ಮಾಡುತ್ತಾರೆ.

ಬೆಂಚಿಗೆ ಯಾರು ಬೀಳುತ್ತಾರೆ ಎಂಬುದನ್ನೂ ನೋಡಬೇಕು. ಕೆನಡಾದ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ಪರಿಶೀಲಿಸಿದಾಗ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿದ್ದರು. ವಯೋಮಿತಿಯ ಲೆಕ್ಕ ಜನವರಿ 1ರಿಂದ ಶುರುವಾಗುತ್ತಿದ್ದುದೇ ಕಾರಣ. ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರಿನವನಿಗೂ ಹೆಚ್ಚುಕಡಿಮೆ ಒಂದು ವರ್ಷದ ಅಂತರವಿದ್ದರೂ ಇಬ್ಬರೂ ಒಂದೇ ಗುಂಪು. ಹತ್ತು ವರ್ಷದ ಮಗುವಿನಲ್ಲಿ ನಾವು ‘ಪ್ರತಿಭೆ’ ಎಂದು ಕರೆಯುವುದು ಎಷ್ಟೋ ಸಲ ಆ ಕೆಲವು ತಿಂಗಳುಗಳ ಬೆಳವಣಿಗೆ.

ಮಾರ್ಗದರ್ಶನದ ಮಾತುಕತೆ ಹೆಚ್ಚಾಗಿ ಆಟದ ನಡುವೆ ನಡೆಯುವುದಿಲ್ಲ. ಪ್ರಾಕ್ಟೀಸ್ ಮುಗಿದ ಮೇಲೆ ಚೆಂಡುಗಳನ್ನು ಚೀಲಕ್ಕೆ ತುಂಬುವಾಗ, ನೆಟ್ ಬಿಚ್ಚುವಾಗ ನಡೆಯುತ್ತದೆ. ಹದಿಹರೆಯದವರಿಗೆ ಎದುರುಬದುರು ಕೂತು ಮಾತಾಡುವುದೆಂದರೆ ವಿಚಾರಣೆ ಇದ್ದ ಹಾಗೆ; ಪಕ್ಕದಲ್ಲಿ ನಿಂತು ಕೈಕೆಲಸ ಮಾಡುತ್ತಿದ್ದರೆ ನಾಲಿಗೆ ಸಡಿಲಾಗುತ್ತದೆ. ಅದಕ್ಕೇ ನಾನು ಕೋಚ್‌ಗಳಿಗೆ ಸ್ವಲ್ಪ ಬೇಗ ಬನ್ನಿ, ಕೊನೆಗೆ ಹೊರಡಿ ಎನ್ನುತ್ತೇನೆ. ಸದಾ ನಗುತ್ತಿದ್ದವನು ಇದ್ದಕ್ಕಿದ್ದಂತೆ ಒರಟಾಗಿ ಆಡತೊಡಗಿದರೆ, ಮನೆಗೆ ಹೋಗಲು ಒಬ್ಬಳು ದಿನವೂ ತಡಮಾಡಿದರೆ, ಕಾಣುವುದು ಆ ಹೊತ್ತಿನಲ್ಲೇ.

ಜವಾಬ್ದಾರಿ ಕೊಡುವುದು ಇನ್ನೊಂದು ದಾರಿ. ಕೀನ್ಯಾದ ನೈರೋಬಿಯಲ್ಲಿ 1987ರಲ್ಲಿ ಶುರುವಾದ ಮಥಾರೆ ಯುವ ಕ್ರೀಡಾ ಸಂಘದ ಫುಟ್‌ಬಾಲ್ ಲೀಗಿನಲ್ಲಿ, ಬಡಾವಣೆಯ ಕಸ ತೆಗೆದ ತಂಡಕ್ಕೂ ಅಂಕ ಸಿಗುತ್ತದೆ. ಕೊಲಂಬಿಯಾದ ಮೆಡೆಯೀನ್‌ನಲ್ಲಿ, ಆಟಗಾರ ಆಂದ್ರೆಸ್ ಎಸ್ಕೊಬಾರ್ 1994ರಲ್ಲಿ ಕೊಲೆಯಾದ ಬಳಿಕ ಬೆಳೆದ ಬೀದಿ ಫುಟ್‌ಬಾಲ್ ಪದ್ಧತಿಯಲ್ಲಿ ರೆಫರಿಯೇ ಇಲ್ಲ. ಎರಡೂ ತಂಡಗಳು ಮೊದಲು ಕೂತು ನಿಯಮ ಒಪ್ಪಿಕೊಳ್ಳುತ್ತವೆ, ಆಡುತ್ತವೆ, ಆಮೇಲೆ ಮತ್ತೆ ಕೂತು ಯಾರು ಮಾತಿನಂತೆ ನಡೆದರು ಎಂದು ಚರ್ಚಿಸಿ ಅಂಕ ಹಂಚಿಕೊಳ್ಳುತ್ತವೆ. ‘ಹುಡುಗರು ಜಗಳಕ್ಕೆ ಬೀಳಲ್ವಾ?’ ಎಂದು ಕೇಳುವವರಿದ್ದಾರೆ. ಬೀಳುತ್ತಾರೆ. ಆ ಜಗಳವನ್ನು ತಾವೇ ಬಗೆಹರಿಸಿಕೊಳ್ಳಲಿ ಎಂದೇ ಈ ಏರ್ಪಾಡು.

ಇನ್ನು ಕಾಲದ ಮಾತು. ಇಲ್ಲಿ ನಾನು ತುಸು ಕಟುವಾಗುತ್ತೇನೆ. ಅಮೆರಿಕದ ಸಂಶೋಧಕರಾದ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಾರ್ಗದರ್ಶಕರ ಜೊತೆ ಒಂದು ವರ್ಷ ಮೀರಿ ನಂಟು ಉಳಿದ ಮಕ್ಕಳಿಗೆ ಅತಿ ಹೆಚ್ಚು ಲಾಭವಾಗಿತ್ತು. ಮೂರು ತಿಂಗಳೊಳಗೇ ನಂಟು ಕಡಿದುಹೋದವರಲ್ಲಿ ಸ್ವಾಭಿಮಾನ ಕುಗ್ಗಿತ್ತು. ಎಂದರೆ, ಅರ್ಧಕ್ಕೆ ಬಿಟ್ಟುಹೋಗುವ ಅಕ್ಕರೆಯಿಂದ ಹಾನಿಯೂ ಆಗಬಹುದು. ರಜೆಯ ಎರಡು ತಿಂಗಳಿಗೆ ಬರುವ ಉತ್ಸಾಹಿಗಳನ್ನು ನಾನು ಬೇಡ ಎನ್ನುವುದಿಲ್ಲ; ಸ್ಕೋರ್ ಬರೆಯಲಿ, ಪಂದ್ಯ ಏರ್ಪಡಿಸಲಿ. ಮಗುವೊಂದರ ಆಪ್ತ ಮಾರ್ಗದರ್ಶಕರಾಗುವುದು ಬೇಡ. ಹೊರಡುವವರು ಯಾರೇ ಇರಲಿ, ವಾರಗಳ ಮೊದಲೇ ಮಕ್ಕಳಿಗೆ ಹೇಳಿ, ಮುಂದೆ ಬರುವವರನ್ನು ಜೊತೆಗೆ ನಿಲ್ಲಿಸಿ ಪರಿಚಯಿಸಿ ಹೋಗಬೇಕು.

ಹತ್ತಿರದ ಒಡನಾಟ ಎಂದ ಮೇಲೆ ಗೆರೆಗಳೂ ಬೇಕು. ಒಂಟಿ ಮಗುವಿನೊಂದಿಗೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾತು ಬೇಡ. ಇತರರಿಗೆ ಕಾಣುವ ಹಾಗೆ ಮೈದಾನದ ಅಂಚಿನಲ್ಲಿ ಕೂರಿ. ಮೆಸೇಜುಗಳು ಪೋಷಕರೂ ಇರುವ ಗುಂಪಿನಲ್ಲಿರಲಿ, ರಾತ್ರಿ ಹೊತ್ತು ಖಾಸಗಿಯಾಗಿ ಬೇಡ. ಈ ನಿಯಮಗಳು ಅನುಮಾನದಿಂದ ಬಂದವು ಎಂದು ಒಳ್ಳೆಯ ಕೋಚ್‌ಗಳು ಮುನಿಸಿಕೊಳ್ಳುವುದುಂಟು. ಎಲ್ಲರೂ ಪಾಲಿಸಿದರೆ ಮಾತ್ರ ಪಾಲಿಸದವನು ಎದ್ದು ಕಾಣುತ್ತಾನೆ, ಅದಕ್ಕೇ ಇವು ಇರುವುದು.

ಒಂದು ದಿನ ಯಾರೋ ಬಂದು, ‘ಸರ್, ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬಾರದು’ ಅನ್ನಬಹುದು. ಆ ಭಾಷೆ ಕೊಡಬೇಡಿ. ‘ನೀನು ಹೇಳೋದನ್ನ ಪೂರ್ತಿ ಕೇಳ್ತೀನಿ. ನಿನಗೆ ಅಪಾಯ ಇದೆ ಅನ್ನಿಸಿದರೆ ಸಹಾಯ ಮಾಡಬಲ್ಲವರಿಗೆ ತಿಳಿಸಲೇಬೇಕಾಗುತ್ತೆ’ ಎಂದು ಮೊದಲೇ ಹೇಳಿ. ಆಮೇಲೆ ಕೇಳಿಸಿಕೊಳ್ಳಿ. ‘ಯಾಕೆ ಸುಮ್ಮನಿದ್ದೆ?’ ಎಂದು ಕೆದಕಬೇಡಿ, ಆರೋಪ ಹೊತ್ತವರನ್ನು ನೀವೇ ಹೋಗಿ ವಿಚಾರಿಸಬೇಡಿ. ಮಗು ಆಡಿದ ಮಾತುಗಳನ್ನು ಹಾಗೆಯೇ ಬರೆದಿಟ್ಟು, ಮಕ್ಕಳ ಸುರಕ್ಷತೆಯ ಹೊಣೆ ಹೊತ್ತವರಿಗೆ ಅದೇ ದಿನ ತಲುಪಿಸಿ. ಮುಂದಿನ ಪ್ರಾಕ್ಟೀಸಿಗೆ ಆ ಮಗು ಬಂದಾಗ ಎಂದಿನ ಹಾಗೆ ಹೆಸರು ಹಿಡಿದು ಕರೆದು ತಂಡಕ್ಕೆ ಸೇರಿಸಿಕೊಳ್ಳಿ.