ರಾತ್ರಿ ಮಜ್ಜಿಗೆ, ಬೆಳಿಗ್ಗೆ 171

ಬೆಳಿಗ್ಗೆ ಆರಕ್ಕೇ ದೊಡ್ಡಮ್ಮನ ಫೋನು. "ಈ ಸಕ್ಕರೆ ನೋಡೋ ಮಿಷನ್ನು ಸುಳ್ಳು ಹೇಳ್ತಿದೆ ಕಣೋ. ರಾತ್ರಿ ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದೀನಿ. ಆಗ 138 ಇತ್ತು. ಈಗ 171!" ತೂಕದ ಕಥೆಯೂ ಅಷ್ಟೆ. ಸಕ್ಕರೆ ಕಾಯಿಲೆ ಅಂತ ಅನ್ನ ಬಿಟ್ಟ ಮೊದಲ ತಿಂಗಳು ಮೂರು ಕೆಜಿ ಇಳಿಯಿತು. ಆಮೇಲೆ ಮುಳ್ಳು 74ರಲ್ಲೇ ಕೂತಿದೆ.

ಮಿಷನ್ನು ಶೇ. 15ರಷ್ಟು ಆಚೀಚೆ ತೋರಿಸಬಹುದು, ನಿಜ. ಆದರೆ ದಿನಾ ಬೆಳಿಗ್ಗೆಯೇ ಏರುತ್ತಿದ್ದರೆ ತಪ್ಪು ಅದರದ್ದಲ್ಲ. ಬಾಯಿಂದ ಹೋದ ಸಕ್ಕರೆ ಮಾತ್ರ ರಕ್ತಕ್ಕೆ ಬರುತ್ತದೆ ಅಂತ ನಾವು ನಂಬಿಕೊಂಡಿದ್ದೇವಲ್ಲ, ತಪ್ಪು ಅಲ್ಲಿದೆ.

19ನೇ ಶತಮಾನದ ವಿಜ್ಞಾನಿಗಳೂ ಹೀಗೇ ನಂಬಿದ್ದರು. ಸಕ್ಕರೆ ಮಾಡುವುದು ಗಿಡಗಳ ಕೆಲಸ, ಪ್ರಾಣಿಗಳದ್ದು ಬರೀ ತಿಂದು ಕರಗಿಸುವ ಕೆಲಸ ಅಂತ. 1848ರಲ್ಲಿ ಪ್ಯಾರಿಸ್ಸಿನ ಕ್ಲೋದ್ ಬರ್ನಾರ್ ನಾಯಿಗೆ ಬರೀ ಮಾಂಸ ತಿನ್ನಿಸಿ ನೋಡಿದ. ಆದರೂ ಲಿವರಿನಿಂದ ಹೊರಬರುವ ರಕ್ತದಲ್ಲಿ ಸಕ್ಕರೆ ಸಿಕ್ಕಿತು. ಆಮೇಲೆ ಒಂದು ಲಿವರನ್ನು ಸಕ್ಕರೆಯ ಸುಳಿವೇ ಸಿಗದಷ್ಟು ನೀರು ಹಾಯಿಸಿ ತೊಳೆದಿಟ್ಟ. ಮಾರನೇ ದಿನ ನೋಡಿದರೆ ಅದೇ ಲಿವರಿನಲ್ಲಿ ಮತ್ತೆ ಸಕ್ಕರೆ! ಸತ್ತ ಅಂಗವೊಂದು ರಾತ್ರೋರಾತ್ರಿ ಸಕ್ಕರೆ ಬಿಟ್ಟಿತ್ತು. ಲಿವರಿನೊಳಗಿದ್ದ ಸಕ್ಕರೆಯ ದಾಸ್ತಾನನ್ನು ಅವನು 1857ರಲ್ಲಿ ಬೇರ್ಪಡಿಸಿದ. ಅದೇ ಗ್ಲೈಕೊಜನ್.

ಹಳ್ಳಿಯ ಹಗೇವು ನೋಡಿದ್ದೀರಾ? ನೆಲದಡಿ ಗುಂಡಿ ತೋಡಿ, ರಾಗಿ ತುಂಬಿ, ಬಾಯಿ ಮುಚ್ಚಿಡುತ್ತಿದ್ದರು. ಲಿವರೂ ಅಂಥದ್ದೇ. ಸುಮಾರು 100 ಗ್ರಾಂ ದಾಸ್ತಾನು ಅಲ್ಲಿರುತ್ತದೆ. ಇಡೀ ರಕ್ತದಲ್ಲಿರುವ ಸಕ್ಕರೆಯಾದರೋ ಒಂದು ಟೀ ಚಮಚ, 5 ಗ್ರಾಂ. ಮಿದುಳು ರಾತ್ರಿಯೂ ಕೇಳುತ್ತಲೇ ಇರುವುದರಿಂದ ಲಿವರು ಗಂಟೆಗೆ 8-10 ಗ್ರಾಂ ಬಿಡುತ್ತಲೇ ಇರಬೇಕು. ಇಲ್ಲದಿದ್ದರೆ ನಾವು ಬೆಳಿಗ್ಗೆ ಏಳುವುದೇ ಇಲ್ಲ.

ಆದರೆ ಹಗೇವು ತಾನೇ ರಾಗಿ ಬೆಳೆಯುವುದಿಲ್ಲ, ಲಿವರು ಹೊಸ ಸಕ್ಕರೆಯನ್ನೂ ಮಾಡುತ್ತದೆ. ಹಾಗಾಗಿ ಕೆರೆ ಅನ್ನೋಣ. ಒರತೆಯಿರುವ ಕೆರೆ. ಅದರ ತೂಬು ಕಾಯುವ ನೀರುಗಂಟಿಯೇ ಇನ್ಸುಲಿನ್. ಗದ್ದೆಗೆ ಸಾಕೆನಿಸಿದಾಗ ಅವನು ತೂಬು ಇಳಿಸುತ್ತಾನೆ. ಬೆಳಗಿನ ಜಾವ ಕಾರ್ಟಿಸಾಲ್ ಎಂಬ ಹಾರ್ಮೋನು, ಅದರ ಜೊತೆಗೆ ಬೆಳವಣಿಗೆಯ ಹಾರ್ಮೋನು ಬಂದು "ಏಳೋ ಹೊತ್ತಾಯ್ತು, ತೂಬು ಎತ್ತು" ಅನ್ನುತ್ತವೆ. ಆರೋಗ್ಯವಂತರಲ್ಲಿ ನೀರುಗಂಟಿ ಸ್ವಲ್ಪ ಬಿಗಿಹಿಡಿದು ಸರಿದೂಗಿಸುತ್ತಾನೆ. ಲಿವರಿನಲ್ಲಿ ಕೊಬ್ಬು ಸೇರಿದ್ದರೆ ತೂಬು ಕೆಸರು ಕಚ್ಚಿಕೊಂಡಂತೆ. ಎಷ್ಟು ಒತ್ತಿದರೂ ಕೂರುವುದಿಲ್ಲ. ಊಟ ಬಿಟ್ಟರೆ ಕಾಲುವೆಗೆ ಮಳೆನೀರು ಬರುವುದಿಲ್ಲ, ಸರಿ. ತೂಬು ಸೋರುವುದು ನಿಲ್ಲುತ್ತದೆಯೇ?

ಹಾಗಲಕಾಯಿ ರಸದವರು, ಅಮೃತಬಳ್ಳಿಯವರು ಈ ತೂಬಿನ ಮಾತೇ ಎತ್ತುವುದಿಲ್ಲ. ಮೆಟ್‌ಫಾರ್ಮಿನ್ ಮಾತ್ರೆಯ ಮುಖ್ಯ ಕೆಲಸ ನಡೆಯುವುದು ಇಲ್ಲೇ. ಅದನ್ನು ನಿಲ್ಲಿಸಿ ಕಷಾಯ ಹಿಡಿದವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕೆಸರು ತೆಗೆಯಬಹುದೇ? 2011ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ವೈದ್ಯ ರಾಯ್ ಟೇಲರ್ ಅವರ ತಂಡ 11 ಜನ ಸಕ್ಕರೆ ಕಾಯಿಲೆಯವರಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಮಾತ್ರ ಕೊಟ್ಟು ನೋಡಿತು. ಒಂದೇ ವಾರದಲ್ಲಿ ಲಿವರಿನ ಕೊಬ್ಬು ಶೇ. 30ರಷ್ಟು ಕರಗಿತ್ತು, ಖಾಲಿಹೊಟ್ಟೆಯ ಸಕ್ಕರೆ ಸಾಮಾನ್ಯ ಮಟ್ಟಕ್ಕೆ ಬಂದಿತ್ತು. ಡಾಕ್ಟರ ಕಣ್ಗಾವಲಿಲ್ಲದೆ ಮನೆಯಲ್ಲಿ ಮಾಡುವಂಥದ್ದಲ್ಲ ಇದು, ಮಾತ್ರೆ ನುಂಗುತ್ತಾ ಹೀಗೆ ಮಾಡಿದರೆ ಸಕ್ಕರೆ ಪಾತಾಳಕ್ಕೆ ಇಳಿದೀತು.

ಇನ್ನು ನಿಂತ ತೂಕ. ಒಂದು ಗ್ರಾಂ ಗ್ಲೈಕೊಜನ್ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ಅನ್ನ ಬಿಟ್ಟಾಗ ಆ ದಾಸ್ತಾನು ಕರಗಿ ನೀರೂ ಹೋಗುತ್ತದೆ. ಮೊದಲು ಸರ್ರನೆ ಇಳಿದದ್ದರಲ್ಲಿ ಆ ನೀರಿನ ಪಾಲೂ ಇತ್ತು. ಆಮೇಲೆ ಹಗುರಾದ ಮೈಗೆ ಖರ್ಚೂ ಕಡಿಮೆ. ಕೆಲವು ಸಕ್ಕರೆ ಮಾತ್ರೆಗಳು, ಗ್ಲಿಮೆಪಿರೈಡ್‌ನಂಥವು, ತೂಕ ಏರಿಸುವುದೂ ಉಂಟು. ಹಾಗಂತ ನೀವೇ ಬಿಡಬೇಡಿ, ಡಾಕ್ಟರನ್ನು ಕೇಳಿ.

ದೊಡ್ಡಮ್ಮನ ತಟ್ಟೆಯನ್ನೂ ನೋಡಿದೆ. ಅನ್ನ ಇಲ್ಲ, ಅದರ ಜಾಗದಲ್ಲಿ ಮಧ್ಯಾಹ್ನ ಎರಡು ಮುದ್ದೆ. ರಾಗಿಯಲ್ಲಿ ನಾರು ಜಾಸ್ತಿ, ಒಪ್ಪೋಣ. ಆದರೆ ನೂರು ಗ್ರಾಂ ಹಿಟ್ಟಿನಲ್ಲಿ 70 ಗ್ರಾಂ ಆಸುಪಾಸು ಕಾರ್ಬೊಹೈಡ್ರೇಟೇ. ಸಂಜೆ ಬೆಲ್ಲದ ಕೊಬ್ಬರಿ ಮಿಠಾಯಿ. "ಸಕ್ಕರೆ ಅಲ್ವಲ್ಲೋ, ಬೆಲ್ಲ!"

ಡಾಕ್ಟರು ಹೇಳಿದಂತೆ ಮೂರು ಗಂಟೆಗೆ ಅಲಾರಂ ಇಟ್ಟು ಎದ್ದು ನೋಡಿದರು: 134. ಆರಕ್ಕೆ 168. ರಾತ್ರಿ ಸಕ್ಕರೆ ಕುಸಿದಿಲ್ಲ. ತೂಬು ಎತ್ತುತ್ತಿರುವುದು ಬೆಳಗಿನ ಜಾವವೇ. ಡಾಕ್ಟರು ರಾತ್ರಿಯ ಮಾತ್ರೆ ಬದಲಿಸಿದ್ದಾರೆ, ಊಟವಾದ ಮೇಲೆ ಹತ್ತು ನಿಮಿಷ ನಡೆಯಿರಿ ಅಂದಿದ್ದಾರೆ. ಮುದ್ದೆ ಎರಡರಿಂದ ಒಂದಕ್ಕೆ ಇಳಿದಿದೆ. ಕೊಬ್ಬರಿ ಮಿಠಾಯಿಯ ವಿಷಯ ಇನ್ನೂ ಮಾತುಕತೆಯಲ್ಲಿದೆ.