ಮನೆ ಖಾಲಿ ಮಾಡಿಸುವುದು ಅಂದರೆ ಏನು? ಹೈಸ್ಕೂಲ್ ಮಕ್ಕಳಿಗೆ ಹೇಳುವ ಬಗೆ

ಓನರ್ ಬಂದು "ಮುಂದಿನ ತಿಂಗಳು ಖಾಲಿ ಮಾಡಿ" ಅಂದರೆ ಮನೆ ಬಿಡಲೇಬೇಕಾ? ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕೇಳಿ ನೋಡಿ. ಮನೆ ಅವರದ್ದೇ ಅಲ್ವಾ, ಬಿಡಲೇಬೇಕು ಅಂತಾರೆ. ಪಾಠ ಶುರು ಮಾಡಬೇಕಾದ್ದು ಅಲ್ಲಿಂದಲೇ.

ಮನೆ ಓನರದ್ದು, ನಿಜ. ಆದರೆ ಬಾಡಿಗೆಗೆ ಕೊಟ್ಟ ಮೇಲೆ ಅದರ ಸ್ವಾಧೀನ ಬಾಡಿಗೆದಾರರ ಕೈಯಲ್ಲಿರುತ್ತದೆ. ಅದನ್ನು ಕಾನೂನಿನ ದಾರಿಯಲ್ಲಿ ವಾಪಸ್ ಪಡೆಯುವುದೇ ಒಕ್ಕಲೆಬ್ಬಿಸುವುದು, ನಮ್ಮ ಮಾತಿನಲ್ಲಿ ಖಾಲಿ ಮಾಡಿಸುವುದು. ಬಾಯಿಮಾತಲ್ಲಿ ಹೇಳಿದ್ದು ಬರೀ ಕೇಳಿಕೆ. ನೋಟಿಸ್ ಕೊಟ್ಟರೂ ಅದು ಆದೇಶ ಅಲ್ಲ. ಬಾಡಿಗೆದಾರರು ಒಪ್ಪಿ ಹೋದರೆ ಅಲ್ಲಿಗೆ ಮುಗಿಯಿತು, ಒಪ್ಪದಿದ್ದರೆ ಓನರ್ ಕೋರ್ಟಿಗೆ ಹೋಗಬೇಕು, ಅಲ್ಲಿ ಇಬ್ಬರ ಮಾತೂ ಕೇಳಿ ಆದೇಶ ಆಗಬೇಕು, ಆಮೇಲೆ ಅದರ ಜಾರಿಯೂ ಕೋರ್ಟಿನ ಮೂಲಕವೇ ಆಗಬೇಕು.

ಹಾಗಾದರೆ ಬೀಗ ಬದಲಾಯಿಸುವುದು, ನೀರು ಕರೆಂಟು ಕಟ್ ಮಾಡುವುದು, ಸಾಮಾನು ಬೀದಿಗೆ ಹಾಕುವುದು? ಯಾವುದಕ್ಕೂ ಅವಕಾಶ ಇಲ್ಲ. ಕರಾರಿನ ಅವಧಿ ಮುಗಿದಿದ್ದರೂ ಬಲವಂತವಾಗಿ ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಹಾಗೆ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ಮಕ್ಕಳಿಗೆ ಬೇರೇನು ಮರೆತರೂ ಇದೊಂದು ನೆನಪಿರಲಿ.

ನಮ್ಮ ರಾಜ್ಯದಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ. ಓನರಿಗೆ ಸ್ವಂತಕ್ಕೆ ಮನೆ ಬೇಕು, ಬಾಡಿಗೆ ಬಾಕಿ ಇದೆ, ಮತ್ತೊಬ್ಬರಿಗೆ ಒಳಬಾಡಿಗೆಗೆ ಕೊಟ್ಟಿದ್ದಾರೆ, ಹೀಗೆ ಖಾಲಿ ಮಾಡಿಸಲು ಏನೇನು ಕಾರಣ ನಡೆಯುತ್ತದೆ ಅಂತ ಅದು ಹೇಳುತ್ತದೆ. ಆದರೆ ತಿಂಗಳ ಬಾಡಿಗೆ ಬೆಂಗಳೂರಿನಂಥ ಊರಲ್ಲಿ 3,500 ರೂಪಾಯಿ, ಸಣ್ಣ ಊರುಗಳಲ್ಲಿ 2,000 ದಾಟಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ! ಇವತ್ತು ಆ ದುಡ್ಡಿಗೆ ಬೆಂಗಳೂರಲ್ಲಿ ಒಂದು ರೂಮೂ ಸಿಗಲ್ಲ. ಹಾಗಾಗಿ ಜಾಸ್ತಿ ಜನ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೇ ಬರುತ್ತಾರೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆ ಮನೆಗೆ ಅದರಲ್ಲಿ 15 ದಿನದ ಲಿಖಿತ ನೋಟಿಸ್ ಸಾಕು, ಕಾರಣ ಕೊಡಬೇಕಿಲ್ಲ. ರಕ್ಷಣೆ ಕಮ್ಮಿಯೇ. ಆದರೂ ಕೋರ್ಟಿನ ದಾರಿ ತಪ್ಪಿಸುವಂತಿಲ್ಲ.

ಎಲ್ಲರ ಕರಾರೂ 11 ತಿಂಗಳಿಗೇ ಯಾಕೆ? ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಆ ಖರ್ಚು ಉಳಿಸಲು. ಇನ್ನು ಅಡ್ವಾನ್ಸ್. ಬೆಂಗಳೂರಲ್ಲಿ ಹತ್ತು ತಿಂಗಳ ಬಾಡಿಗೆ ಮುಂಗಡ ಕೇಳುವುದು ಹಳೇ ರೂಢಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಅನ್ನುತ್ತದೆ, ಆದರೆ ಅದು ಮಾದರಿ ಅಷ್ಟೇ, ರಾಜ್ಯ ಕಾನೂನು ಮಾಡಿಕೊಂಡರೆ ಮಾತ್ರ ಜಾರಿ. ಭೋಗ್ಯಕ್ಕೆ ಲಕ್ಷಗಟ್ಟಲೆ ಕೊಡುವವರು ಆ ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ ಅಂತ ಮೊದಲೇ ನೋಡಿಕೊಳ್ಳಬೇಕು. ಸಾಲ ಕಟ್ಟದಿದ್ದರೆ ಬ್ಯಾಂಕಿನವರು ಮನೆ ಹರಾಜಿಗೆ ಇಡಬಹುದು, ಆಗ ಕೊಟ್ಟ ದುಡ್ಡಿಗೆ ಅಲೆಯಬೇಕಾದವರು ಇವರೇ.

ಇದೆಲ್ಲ ಕೇಳಿದ ಮಕ್ಕಳು "ಹಾಗಾದ್ರೆ ಬಾಡಿಗೆ ಕಟ್ಟದೇ ಇರಬಹುದಾ ಸಾರ್?" ಅಂತ ಕೇಳೇ ಕೇಳುತ್ತಾರೆ. ಇಲ್ಲ. ಬಾಕಿ ಉಳಿಸಿಕೊಂಡವರ ಕೇಸ್ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಬಾಡಿಗೆಯನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕ ಕಟ್ಟಿ, ನಗದು ಕೊಟ್ಟರೆ ರಸೀದಿ ತಗೊಳ್ಳಿ ಎಂದು ಹೇಳಿ.

ಟೀಚರುಗಳಿಗೆ ಒಂದು ಮಾತು: ಯಾರ್ಯಾರದು ಬಾಡಿಗೆ ಮನೆ ಅಂತ ಕೈ ಎತ್ತಿಸಬೇಡಿ, ಸುಮ್ನೆ ಮುಜುಗರ. ಒಬ್ಬರನ್ನು ಓನರ್, ಒಬ್ಬರನ್ನು ಬಾಡಿಗೆದಾರ, ಒಬ್ಬರನ್ನು ಜಡ್ಜ್ ಮಾಡಿ ವಾದ ಮಾಡಿಸಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಬೇಕು. ಸಹಾಯವಾಣಿ ನಂಬರ್ 15100, ಅದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದುಬಿಡಿ.